ಪಿಟ್‌ಕೇರ್ನ್ ದ್ವೀಪಕ್ಕೆ ಹೋಗುವುದು ಹೇಗೆ? ಕೊನೆಯ ಒಂದು ಹೆಜ್ಜೆಯೇ ಕಷ್ಟ

ಪಿಟ್‌ಕೇರ್ನ್‌ನಲ್ಲಿ ವಿಮಾನ ಇಳಿಯುವುದಿಲ್ಲ, ದೊಡ್ಡ ಹಡಗು ತಾಗುವಂಥ ಧಕ್ಕೆಯೂ ಇಲ್ಲ. ಪೆಸಿಫಿಕ್ ಸಾಗರದ ನಡುವೆ ಸುಮಾರು 5 ಚದರ ಕಿ.ಮೀ. ನೆಲ, ಆಡಮ್ಸ್‌ಟೌನ್ ಅನ್ನುವ ಒಂದೇ ಊರು. ಅಲ್ಲಿ 50 ಜನ ಇದ್ದರೆ ಹೆಚ್ಚು.

ಹಂತ 1: ಮೊದಲು ಹಡಗಿನ ಟಿಕೆಟ್. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲೇ ಕೊಂಡು, ಆಮೇಲೆ ಆ ವಾರ ಹಡಗೇ ಇಲ್ಲ ಅಂತ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ಪಿಟ್‌ಕೇರ್ನ್‌ಗೆ ಹೋಗುವ ಸಿಲ್ವರ್ ಸಪೋರ್ಟರ್ ಸರಕು ಹಡಗು, ಅದರಲ್ಲಿ 12 ಪ್ರಯಾಣಿಕರಿಗಷ್ಟೇ ಜಾಗ. ವೀಸಾದಲ್ಲೂ ಎಡವುತ್ತಾರೆ. ದಾರಿಯಲ್ಲಿ ಸಿಗುವ ಟಹೀಟಿ (ಫ್ರೆಂಚ್ ಪಾಲಿನೇಷ್ಯಾದ ದ್ವೀಪ) ಫ್ರಾನ್ಸಿನದೇ ಆದರೂ ಪಾಸ್‌ಪೋರ್ಟಿನಲ್ಲಿರುವ ಯುರೋಪಿನ ಷೆಂಗೆನ್ ವೀಸಾ ತಾನಾಗಿಯೇ ಅಲ್ಲಿಗೆ ನಡೆಯುವುದಿಲ್ಲ. ಫ್ರೆಂಚ್ ಪಾಲಿನೇಷ್ಯಾಕ್ಕೆ ಅಂತಲೇ ಕೇಳಿ ಪಡೆಯಬೇಕು.

ಹಂತ 2: ಟಹೀಟಿಯ ಪಪೀಟೆಯಿಂದ ಮಂಗರೇವಾ ದ್ವೀಪಕ್ಕೆ ವಿಮಾನ. ಹತ್ತಿ, ಕೂತು, ಇಳಿಯಿರಿ.

ಹಂತ 3: ಮಂಗರೇವಾದಿಂದ 500 ಕಿ.ಮೀ.ಗೂ ಹೆಚ್ಚು ದೂರ, ಸುಮಾರು ಒಂದೂವರೆ ದಿನ ಹಡಗಿನಲ್ಲಿ. ವಾಂತಿ ಶುರುವಾದ ಮೇಲೆ ಮಾತ್ರೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ, ಅಷ್ಟೇ. ಡಾಕ್ಟರನ್ನು ಕೇಳಿ ವಾಂತಿ ತಡೆಯುವ ಅವೋಮಿನ್ ತರಹದ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಿ, ನಿದ್ದೆ ಬರುತ್ತದೆ, ಬರಲಿ. ವಾಂತಿ ಬಾರದಿರಲಿ ಅಂತ ಮಣಿಕಟ್ಟಿಗೆ ಕಟ್ಟುವ ಬ್ಯಾಂಡ್ ಇದೆಯಲ್ಲ, ನನಗಂತೂ ಸುಮ್ನೆ ದುಡ್ಡು ದಂಡ.

ಹಂತ 4: ಇದೇ ನೋಡಿ ಅಸಲಿ ಪರೀಕ್ಷೆ. ಹಡಗು ದೂರದಲ್ಲೇ ನಿಲ್ಲುತ್ತದೆ. ಊರಿನವರು ಲಾಂಗ್‌ಬೋಟ್ ಅನ್ನುವ ಉದ್ದನೆಯ ದೋಣಿ ತಂದು ಪಕ್ಕಕ್ಕೆ ಹಚ್ಚುತ್ತಾರೆ, ನೀವು ಏಣಿ ಹಿಡಿದು ಅದಕ್ಕೆ ಇಳಿಯಬೇಕು. ಹಡಗು ಒಂದು ಲಯದಲ್ಲಿ ಏರಿಳಿದರೆ ದೋಣಿಯದ್ದು ಇನ್ನೊಂದು ಲಯ. ಜನ ಎಡವುವುದು ಇಲ್ಲೇ. ದೋಣಿ ಕೆಳಗಿದ್ದಾಗ ಹೆದರಿ ಧುಮುಕುತ್ತಾರೆ, ಇಲ್ಲವೇ ಒಂದು ಕಾಲು ದೋಣಿಯಲ್ಲಿ, ಒಂದು ಏಣಿಯಲ್ಲಿ ಇಟ್ಟು ಯೋಚಿಸುತ್ತಾ ನಿಲ್ಲುತ್ತಾರೆ. ಹಾಗೆ ಮಾಡಲೇಬೇಡಿ. ಏಣಿಯ ಮೆಟ್ಟಿಲನ್ನಲ್ಲ, ಪಕ್ಕದ ಹಗ್ಗಗಳನ್ನು ಹಿಡಿಯಿರಿ. ಅಲೆ ದೋಣಿಯನ್ನು ಎತ್ತಿ ಎತ್ತಿ ಮೇಲೆ ತರುತ್ತದೆ, ತುದಿ ಮುಟ್ಟಿದಾಗ ಒಂದು ಕ್ಷಣ ನಿಂತ ಹಾಗಾಗುತ್ತದೆ. ಆಗಲೇ ಕಾಲಿಡಬೇಕು. ಲೆಕ್ಕ ನಿಮ್ಮದಲ್ಲ, ದೋಣಿಯವರದ್ದು: ಅವರು 'ಈಗ' ಅಂದರೆ ಈಗ, ಮುಂದಿನ ಅಲೆಗಲ್ಲ. ತಪ್ಪಿಹೋಯಿತಾ, ಇನ್ನೊಂದು ಬರುತ್ತದೆ, ಸಮುದ್ರದಲ್ಲಿ ಅಲೆಗೇನು ಬರ? ಎರಡೂ ಕೈ ಖಾಲಿ ಇರಲಿ, ಬ್ಯಾಗನ್ನು ಅವರೇ ಬೇರೆ ಇಳಿಸುತ್ತಾರೆ. ಚಕ್ರದ ಸೂಟ್‌ಕೇಸ್ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯೋ ಶೂವೋ ಹಾಕಿಕೊಳ್ಳಿ. ಹೆಸರು ಹವಾಯಿ ಅಂತಿದ್ದ ಮಾತ್ರಕ್ಕೆ ಹವಾಯಿ ಚಪ್ಪಲಿ ಪಾಲಿನೇಷ್ಯಾಕ್ಕೆ ಆಗುವುದಿಲ್ಲ.

ದೋಣಿ ನಿಮ್ಮನ್ನು ಇಳಿಸುವುದು ಬೌಂಟಿ ಕೊಲ್ಲಿಯಲ್ಲಿ. ಬೌಂಟಿ ಅನ್ನುವ ಬ್ರಿಟಿಷ್ ಹಡಗು 1789ರಲ್ಲಿ ಟಹೀಟಿಯಿಂದ ಹೊತ್ತು ಹೊರಟದ್ದು ನಮ್ಮ ಕರಾವಳಿಯವರು ಪೋಡಿ ಮಾಡುವ ಜೀಗುಜ್ಜೆಯ ಸಸಿಗಳನ್ನೇ. ದಂಗೆ ಎದ್ದ ನಾವಿಕರು ಸಸಿಗಳನ್ನು ಸಮುದ್ರಕ್ಕೆ ಎಸೆದರು, 1790ರ ಜನವರಿಯಲ್ಲಿ ಹಡಗನ್ನೇ ಇಲ್ಲಿ ಸುಟ್ಟರು. ನಿಮ್ಮನ್ನು ಕರೆದೊಯ್ಯಲು ಬರುವವರಲ್ಲಿ ಆ ನಾವಿಕರ ಮತ್ತು ಟಹೀಟಿ ಹೆಂಗಸರ ವಂಶದವರೇ ಜಾಸ್ತಿ.

ಹಂತ 5: ಅಲ್ಲಿಂದ ಊರಿಗೆ ಕಡಿದಾದ ಏರು, ನಾಲ್ಕು ಚಕ್ರದ ಬೈಕಿನಲ್ಲಿ ಹೋಗಬಹುದು. ಊರವರ ಮನೆಯಲ್ಲೇ ವಾಸ. ಸಸ್ಯಾಹಾರಿಗಳಾಗಿದ್ದರೆ ಮೊದಲೇ ಬರೆದು ತಿಳಿಸಿ. ನ್ಯೂಜಿಲೆಂಡ್ ಡಾಲರ್ ನಗದು ಇಟ್ಟುಕೊಳ್ಳಿ. ಜೇನು, ಹಣ್ಣು, ಬೀಜ ಯಾವುದನ್ನೂ ಒಯ್ಯಬೇಡಿ, ಅಲ್ಲಿನ ಜೇನುಹುಳುಗಳಿಗೆ ರೋಗವಿಲ್ಲ, ನಿಮ್ಮಿಂದ ಶುರುವಾಗುವುದು ಬೇಡ.

ವಾಪಸ್ ಹೊರಡುವಾಗಲೂ ಅದೇ ಏಣಿ, ಈಗ ಹತ್ತಬೇಕು. ದೋಣಿ ಅಲೆಯ ತುದಿಯಲ್ಲಿದ್ದಾಗ ಏಣಿ ಹಿಡಿದು, ನಿಲ್ಲದೆ ನಾಲ್ಕು ಮೆಟ್ಟಿಲು ಏರಿಬಿಡಿ. ಅಲ್ಲೇ ನಿಂತರೆ ಮುಂದಿನ ಅಲೆಗೆ ದೋಣಿ ಎದ್ದು ಕಾಲಿಗೆ ಬಡಿಯುತ್ತದೆ. ಕೈ ಬೀಸುವುದು, ಫೋಟೊ ತೆಗೆಯುವುದು ಎಲ್ಲ ಡೆಕ್ ಮುಟ್ಟಿದ ಮೇಲೆ.