ಹುಡುಗ ದ್ವೇಷದ ಗುಂಪಿಗೆ ಸೇರುತ್ತಿದ್ದರೆ ಮನೆಯವರು ಏನು ಮಾಡಬೇಕು

ದೈವಭಕ್ತಿ, ಪಕ್ಷನಿಷ್ಠೆ ಕಾಯಿಲೆಯಲ್ಲ. ಅವನ್ನೇ ತಿದ್ದಲು ಹೊರಟರೆ ಹುಡುಗ ಸಿಟ್ಟಾಗುತ್ತಾನೆ, ಅದು ನ್ಯಾಯವೇ. ಗಮನಿಸಬೇಕಾದ್ದು ಬೇರೆ: ಒಂದು ಸಮುದಾಯವನ್ನು ಇಡಿಯಾಗಿ ಹುಳುಗಳೆಂದು ಕರೆಯುವುದು, ಜತೆಗೆ ಓದಿದವನ ಅಂಗಡಿಗೆ ಹೋಗುವುದನ್ನು ಬಿಡುವುದು, ‘ಹೊಡೆದರೆ ತಪ್ಪೇನು’ ಎನ್ನುವುದು, ರಾತ್ರಿ ಫೋನ್ ಬಂದರೆ ಕಾರಣ ಹೇಳದೆ ಬೈಕ್ ಹತ್ತುವುದು. ಇವುಗಳಲ್ಲಿ ಒಂದು ಕಂಡರೆ ಗಾಬರಿ ಬೇಡ. ಎರಡು ಮೂರು ಒಟ್ಟಿಗೆ ಬಂದರೆ ತಡಮಾಡಬೇಡಿ.

ಹೆಚ್ಚಿನ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಮೊಬೈಲ್ ಕಿತ್ತುಕೊಳ್ಳುವುದು. ಅವನು ಗೆಳೆಯನ ಫೋನಿನಲ್ಲಿ ಅದನ್ನೇ ನೋಡುತ್ತಾನೆ. ‘ಮನೆಯವರಿಗೆ ನೀನು ಅರ್ಥವಾಗುವುದಿಲ್ಲ’ ಎಂದು ಗುಂಪಿನವರು ಹೇಳಿದ್ದು ಅವನ ಪಾಲಿಗೆ ನಿಜವಾಗುತ್ತದೆ.

ಮಾತಾಡಲು ಒಬ್ಬರೇ ಸಾಕು, ಅವನು ಈಗಲೂ ಗೌರವ ಕೊಡುವವರು: ಸೋದರಮಾವ, ಕಬಡ್ಡಿ ಕಲಿಸಿದ ಮೇಷ್ಟ್ರು. ಊಟದ ಹೊತ್ತಿನಲ್ಲಿ ಎಲ್ಲರೆದುರು ಬೇಡ. ಅಡಿಕೆ ಸುಲಿಯುವಾಗ, ತೋಟಕ್ಕೆ ಹೋಗುವ ದಾರಿಯಲ್ಲಿ ಶುರುಮಾಡಿ. ಕೈಗೆ ಕೆಲಸವಿದ್ದು ಮುಖ ನೋಡಬೇಕಿಲ್ಲದಾಗ ಗಂಡುಹುಡುಗರು ಹೆಚ್ಚು ಮಾತಾಡುತ್ತಾರೆ. ‘ನೀನು ಹೀಗಾದೆಯಲ್ಲ’ ಎನ್ನುವ ಬದಲು ‘ಆ ಗುಂಪಿನಲ್ಲಿ ನಿನಗೆ ಇಷ್ಟವಾಗಿದ್ದು ಏನು ಮಾರಾಯ?’ ಎಂದು ಕೇಳಿ, ಸುಮ್ಮನಾಗಿ. ಉತ್ತರ ಹೆಚ್ಚಾಗಿ ಸಿದ್ಧಾಂತವಲ್ಲ. ಕೆಲಸವಿಲ್ಲದ ಸಂಜೆ, ‘ಅಣ್ಣ’ ಎಂದು ಹೆಗಲ ಮೇಲೆ ಕೈ ಹಾಕುವವರು, ತಾನೂ ಬೇಕಾದವನು ಎಂಬ ಭಾವನೆ.

ಹಿಟ್ಲರನ ಸಿದ್ಧಾಂತ ಹಿಡಿದ ನವ ನಾಜಿ ಗುಂಪುಗಳಿಂದ ಯುವಕರನ್ನು ಬಿಡಿಸಲು ನಾರ್ವೆಯಲ್ಲಿ 1997ರಲ್ಲಿ, ಸ್ವೀಡನ್ನಿನಲ್ಲಿ 1998ರಲ್ಲಿ, ಜರ್ಮನಿಯಲ್ಲಿ 2000ದಲ್ಲಿ ‘ಎಕ್ಸಿಟ್’ ಕಾರ್ಯಕ್ರಮಗಳು ಆರಂಭವಾದವು. ಅಲ್ಲಿಯೂ ಕಂಡದ್ದು ಇದೇ: ವಾದ ಗೆದ್ದರೆ ಸಾಲದು, ಗುಂಪು ಕೊಡುತ್ತಿದ್ದದ್ದು ಬೇರೆಲ್ಲಾದರೂ ಸಿಗಬೇಕು. ಹಾಗಾಗಿ ಸಂಜೆ ಆರರಿಂದ ಒಂಬತ್ತರ ಹೊತ್ತನ್ನು ತುಂಬಿಸಿ. ಸಂಬಳ ಬರುವ ಕೆಲಸ, ಆಟದ ತಂಡ, ಯಕ್ಷಗಾನದ ಅಭ್ಯಾಸ, ಯಾವುದಾದರೂ ಆಗುತ್ತದೆ. ಅಲ್ಲಿ ಅವನಿಗೊಂದು ಜವಾಬ್ದಾರಿ ಇರಬೇಕು. ಉಪದೇಶದ ಶಿಬಿರಕ್ಕೆ ಕಳಿಸಿದರೆ ಉಪಯೋಗ ಕಡಿಮೆ.

ಕೆರಳಿಸುವ ವಿಡಿಯೊ ತೋರಿಸಿದರೆ ‘ಸುಳ್ಳು’ ಎಂದು ತಳ್ಳಿಹಾಕಬೇಡಿ, ಒಟ್ಟಿಗೆ ಕೂತು ಪರೀಕ್ಷಿಸಿ. ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಒಂದು ಸ್ಕ್ರೀನ್‌ಶಾಟ್ ತೆಗೆದು, ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸಿಗೆ ಹಾಕಿ, ಹಳೆಯ ದಿನಾಂಕ ಸಿಗುತ್ತದೆಯೇ ನೋಡಿ. ‘ಶಿವಮೊಗ್ಗದ ಗಲಾಟೆ’ ಎಂದಿದ್ದರೆ ಅಂಗಡಿ ಬೋರ್ಡು ಯಾವ ಲಿಪಿಯಲ್ಲಿದೆ, ಗಾಡಿಗಳ ನಂಬರು ಕೆಎ 14 ಅಥವಾ ಸಾಗರದ ಕೆಎ 15 ಆಗಿದೆಯೇ ಎಂದು ಅವನೇ ಹುಡುಕಲಿ. ಘಟನೆ ನಿಜವೇ ಆಗಿದ್ದರೆ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಮಾತನ್ನು ಅವನು ನಂಬುವುದಿಲ್ಲ. ಆಮೇಲೆ ಕೇಳಿ: ತಪ್ಪು ಮಾಡಿದವನು ಒಬ್ಬ, ಶಿಕ್ಷೆ ಊರಿಗೆಲ್ಲ ಏಕೆ?

ಕಾನೂನನ್ನು ಬೆದರಿಕೆಯಾಗಿ ಅಲ್ಲ, ಮಾಹಿತಿಯಾಗಿ ಹೇಳಿ. ಧರ್ಮ, ಜಾತಿಯ ಹೆಸರಲ್ಲಿ ವೈರ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ 3 ವರ್ಷದವರೆಗೆ, ಪೂಜಾಸ್ಥಳದಲ್ಲಾದರೆ 5 ವರ್ಷದವರೆಗೆ ಜೈಲು.

ನಿರ್ದಿಷ್ಟ ವ್ಯಕ್ತಿಯ ಹೆಸರು, ದಿನ, ಆಯುಧ ಮಾತಿನಲ್ಲಿ ಬಂದರೆ ಇದು ಮನೆಯೊಳಗೆ ಬಗೆಹರಿಯುವ ವಿಷಯವಲ್ಲ. ಕೂಡಲೇ 112ಕ್ಕೆ ಕರೆ ಮಾಡಿ. ಸಂದೇಶ ಅಳಿಸಬೇಡಿ, ಒಬ್ಬರೇ ಹೋಗಿ ಅಡ್ಡ ನಿಲ್ಲಬೇಡಿ. ನಿದ್ದೆಗೆಟ್ಟು, ಬದುಕು ಸಾಕೆನ್ನುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಗುಂಪಿನಿಂದ ಹೊರಬರುವವನಿಂದ ಘೋಷಣೆ ಮಾಡಿಸಬೇಡಿ, ಹಳೆಯ ಜೊತೆಗಾರರು ಬೆನ್ನು ಹತ್ತುತ್ತಾರೆ. ‘ಕೆಲಸದ ಪಾಳಿ ಬದಲಾಗಿದೆ’ ಎಂದು ನಿಧಾನ ದೂರವಾಗಲಿ. ಮೆರವಣಿಗೆಗಳ ವಾರದಲ್ಲಿ ಕರೆಗಳು ಮತ್ತೆ ಬರುತ್ತವೆ. ಆ ದಿನಗಳಿಗೆ ಮುಂಚೆಯೇ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಯಲ್ಲೋ ಬೇರೆಲ್ಲೋ ಕೆಲಸವಿಟ್ಟು, ಜತೆಗೊಬ್ಬರನ್ನು ಕಳಿಸಿ.