ಆ್ಯಕ್ಸೆಸಿಬಿಲಿಟಿ ತಪಾಸಣೆ: ಮೌಸ್ ಬದಿಗಿಟ್ಟು ಶುರು ಮಾಡುವುದು

ವೆಬ್‌ಸೈಟ್ ಅಥವಾ ಆ್ಯಪ್ ಅಂಗವಿಕಲರ ಬಳಕೆಗೆ ಒದಗುತ್ತದೆಯೇ ಎಂದು ನೋಡಲು ಕೂತಾಗ ನಾನು ಮೊದಲು ಬರೆದುಕೊಳ್ಳುವುದು ಕೆಲಸಗಳ ಪಟ್ಟಿ: ಖಾತೆ ತೆರೆಯುವುದು, ಲಾಗಿನ್ ಆಗುವುದು, ಹುಡುಕುವುದು, ಅರ್ಜಿ ತುಂಬುವುದು, ಹಣ ಕಟ್ಟುವುದು, ರಸೀದಿ ಇಳಿಸಿಕೊಳ್ಳುವುದು. ಪುಟಗಳ ಪಟ್ಟಿ ಆಮೇಲೆ, ಈ ಕೆಲಸಗಳ ದಾರಿಯಲ್ಲಿ ಯಾವ ಯಾವ ಪುಟ ಸಿಗುತ್ತದೆ ಎಂದು ನೋಡಿಕೊಂಡು. ಮುಖಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ. ದಾರಿ ಕಟ್ಟಾಗುವುದು ಹಣ ಕಟ್ಟುವ ಪುಟದಲ್ಲೋ ಓಟಿಪಿ ಕೇಳುವ ಕಿಟಕಿಯಲ್ಲೋ.

ಅಳತೆಗೋಲಾಗಿ ಡಬ್ಲ್ಯುಸಿಎಜಿ 2.2 (ವೆಬ್ ಅಂಗವಿಕಲರಿಗೂ ಒದಗುವಂತಿರಲು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ) ಸಾಕು. 2023ರ ಅಕ್ಟೋಬರ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ಎ (ಕನಿಷ್ಠ) ಮತ್ತು ಡಬಲ್ ಎ (ಅದರ ಮೇಲಿನ) ಮಟ್ಟ ಸೇರಿ 55 ಮಾನದಂಡಗಳಿವೆ. ಅವನ್ನು ಕ್ರಮಸಂಖ್ಯೆ ಹಿಡಿದು ಒಂದೊಂದಾಗಿ ನೋಡುತ್ತಾ ಹೋದರೆ ಬೇಗ ದಣಿವಾಗುತ್ತದೆ, ಮುಖ್ಯವಾದದ್ದು ಕೈತಪ್ಪುತ್ತದೆ. ನಾನು ಕೆಲಸ ಮುಗಿಸುವ ಪ್ರಯತ್ನ ಮೊದಲು ಮಾಡಿ, ಸಿಕ್ಕ ತೊಡಕಿಗೆ ಸಂಖ್ಯೆಯನ್ನು ಆಮೇಲೆ ಹಚ್ಚುತ್ತೇನೆ.

ಆಕ್ಸ್, ವೇವ್, ಲೈಟ್‌ಹೌಸ್‌ನಂಥ, ಪುಟವನ್ನು ತಾವೇ ಪರೀಕ್ಷಿಸುವ ಸಾಧನಗಳನ್ನು ಒಮ್ಮೆ ಓಡಿಸಿಬಿಡುತ್ತೇನೆ. ಆಲ್ಟ್ ಪಠ್ಯವೇ (ಚಿತ್ರದಲ್ಲಿ ಏನಿದೆ ಎಂದು ಕಾಣದವರಿಗೆ ಹೇಳುವ ಬರಹ) ಇಲ್ಲದ ಚಿತ್ರ, ಲೇಬಲ್ ಇಲ್ಲದ ಫೀಲ್ಡ್ (ತುಂಬುವ ಜಾಗ), ಮಾಸಲು ಅಕ್ಷರ ಇವನ್ನು ಅವು ಚೆನ್ನಾಗಿ ಹಿಡಿಯುತ್ತವೆ. ಆದರೆ ಆಲ್ಟ್ ಪಠ್ಯದಲ್ಲಿ ‘ಬ್ಯಾನರ್ 3’ ಎಂದು ಬರೆದಿದ್ದರೂ ಅವುಗಳ ಮಟ್ಟಿಗೆ ಅದು ಪಾಸು. ಲೈಟ್‌ಹೌಸ್‌ನಲ್ಲಿ 100 ಅಂಕ ಪಡೆದ ಪುಟದಲ್ಲೂ ‘ಸಲ್ಲಿಸಿ’ ಬಟನ್ ಕೀಬೋರ್ಡ್‌ಗೆ ಸಿಗದೆ ಇರಬಹುದು. ಆ ಅಂಕವನ್ನು ವರದಿಯ ಮೊದಲ ಪುಟದಲ್ಲಿ ಹಾಕಬೇಡಿ. ಓದುವವರು ಅಲ್ಲಿಗೇ ನಿಲ್ಲುತ್ತಾರೆ.

ನಿಜವಾದ ತಪಾಸಣೆ ಮೌಸ್ ಬದಿಗಿಟ್ಟ ಮೇಲೆ ಶುರು. ಟ್ಯಾಬ್ ಒತ್ತುತ್ತಾ ಮುಂದೆ, ಶಿಫ್ಟ್ ಟ್ಯಾಬ್‌ನಿಂದ ಹಿಂದೆ; ಲಿಂಕಿಗೆ ಎಂಟರ್, ಬಟನ್‌ಗೆ ಎಂಟರ್ ಮತ್ತು ಸ್ಪೇಸ್ ಎರಡೂ, ರೇಡಿಯೋ ಬಟನ್‌ಗಳ ಗುಂಪಿನಲ್ಲಿ ಬಾಣದ ಕೀಲಿ. ಫೋಕಸ್, ಎಂದರೆ ಕೀಬೋರ್ಡ್ ಈಗ ಹಿಡಿದಿರುವ ಜಾಗ, ಎಲ್ಲಿದೆ ಎಂದು ಕಣ್ಣಿಗೆ ಕಾಣಬೇಕು. ಅದನ್ನು ತೋರಿಸುವ ಚೌಕಟ್ಟು ಚೆಂದ ಕಾಣಲಿಲ್ಲವೆಂದು ಸಿಎಸ್‌ಎಸ್‌ನಲ್ಲಿ (ಪುಟದ ಅಂದ ನಿರ್ಧರಿಸುವ ಕೋಡ್) ಆ ಔಟ್‌ಲೈನ್ ತೆಗೆದು, ಬದಲಿಗೆ ಏನನ್ನೂ ಕೊಡದಿರುವುದು ಪದೇ ಪದೇ ಸಿಗುವ ದೋಷ. ಪಾಪ್‌ಅಪ್ ತೆರೆದಾಗ ಫೋಕಸ್ ಅದರೊಳಗೆ ಹೋಗಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು, ಮುಚ್ಚಿದ ಮೇಲೆ ತೆರೆದ ಬಟನ್‌ಗೇ ಮರಳಬೇಕು. ಮರಳದಿದ್ದರೆ ಎಷ್ಟೋ ಸಲ ಪುಟದ ತಲೆಯಿಂದ ಮತ್ತೆ ಟ್ಯಾಬ್ ಒತ್ತುತ್ತಾ ಬರಬೇಕಾಗುತ್ತದೆ. ಬಟನ್‌ನಂತೆ ಕಂಡರೂ ಕೀಬೋರ್ಡ್‌ಗೆ ಜಗ್ಗದ್ದನ್ನು ಕೋಡ್‌ನಲ್ಲಿ ತೆರೆದು ನೋಡಿ: ಬಹುಪಾಲು ಅದು ಕ್ಲಿಕ್ ಅಂಟಿಸಿದ ಡಿವ್ (ಬರಿ ಪೆಟ್ಟಿಗೆಯ ಟ್ಯಾಗ್) ಆಗಿರುತ್ತದೆ. ಪರಿಹಾರ ಸುಲಭ, ಅಸಲಿ ಬಟನ್ ಟ್ಯಾಗ್ ಹಾಕುವುದು.

ಬಣ್ಣದ ಲೆಕ್ಕ ಬೇಗ ಮುಗಿಯುತ್ತದೆ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ (ಕಾಂಟ್ರಾಸ್ಟ್) ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ (24 ಪಿಕ್ಸೆಲ್ ಅಥವಾ ಸುಮಾರು 18.5 ಪಿಕ್ಸೆಲ್ ದಪ್ಪಕ್ಷರ) 3:1, ಫೀಲ್ಡಿನ ಅಂಚು ಮತ್ತು ಐಕಾನ್‌ಗಳಿಗೂ 3:1. ಬಿಳಿಯ ಮೇಲೆ 767676 ಎಂಬ ಬಣ್ಣಸಂಕೇತದ ಬೂದು ಪಾಸಾಗುತ್ತದೆ, 777777 ಕೂದಲೆಳೆಯಲ್ಲಿ ಫೇಲು.

ಹಿಗ್ಗಿಸಿ ನೋಡುವುದರಲ್ಲಿ ಕನ್ನಡದ್ದೇ ಒಂದು ತೊಂದರೆ ಇದೆ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 400% ಜೂಮ್ ಮಾಡಿದರೆ 320 ಪಿಕ್ಸೆಲ್ ಜಾಗ ಉಳಿಯುತ್ತದೆ. ಓದಲು ಅಡ್ಡಡ್ಡ ಸ್ಕ್ರೋಲ್ ಮಾಡುವಂತಿರಬಾರದು. ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಬಟನ್‌ಗೆ ಎತ್ತರ ನಿಗದಿ ಮಾಡಿದ್ದರೆ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ‘ಮುಚ್ಚಿ’ಯ ಚ ಒತ್ತು ಕಾಣದಿದ್ದರೆ ಉಳಿಯುವುದು ‘ಮುಚಿ’. ಅಕ್ಷರವನ್ನಷ್ಟೇ 200% ಮಾಡಿ, ಸಾಲಿನ ಅಂತರ 1.5 ಇಟ್ಟು ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಿರುವ ಕಡೆ ನೋಡಿದರೆ ಗೊತ್ತಾಗುತ್ತದೆ.

ಇನ್ನು ಸ್ಕ್ರೀನ್ ರೀಡರ್, ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. ವಿಂಡೋಸ್‌ನಲ್ಲಿ ಎನ್‌ವಿಡಿಎ ಉಚಿತ. ಅದರ ಸ್ಪೀಚ್ ವ್ಯೂವರ್ ತೆರೆದಿಟ್ಟರೆ ಉಲಿದದ್ದೆಲ್ಲ ಬರಹದಲ್ಲೂ ಸಿಗುತ್ತದೆ, ವರದಿಗೆ ನಕಲು ಮಾಡಿಕೊಳ್ಳಬಹುದು. ಎಚ್ ಒತ್ತುತ್ತಾ ಹೆಡ್ಡಿಂಗ್‌ಗಳಲ್ಲಿ ಜಿಗಿಯಿರಿ, ಎಫ್‌ನಿಂದ ಫೀಲ್ಡ್‌ಗಳಲ್ಲಿ, ಎನ್‌ವಿಡಿಎ ಕೀಲಿ ಜೊತೆ ಎಫ್7 ಒತ್ತಿದರೆ ಲಿಂಕ್, ಹೆಡ್ಡಿಂಗ್‌ಗಳ ಪಟ್ಟಿ. ಆ ಪಟ್ಟಿಯಲ್ಲಿ ಹತ್ತಾರು ‘ಇನ್ನಷ್ಟು ಓದಿ’ ಕಂಡರೆ ಯಾವುದು ಎಲ್ಲಿಗೆ ಎಂದು ಯಾರಿಗೂ ತಿಳಿಯದು. ಪುಟ ಕನ್ನಡದಲ್ಲಿದ್ದು ಎಚ್‌ಟಿಎಂಎಲ್‌ನಲ್ಲಿ ಪುಟದ ಭಾಷೆ ಹೇಳುವ ಲ್ಯಾಂಗ್ ಗುಣ ಇಂಗ್ಲಿಷ್ ಎಂದಿದ್ದರೆ ಕನ್ನಡವನ್ನು ಇಂಗ್ಲಿಷ್ ದನಿ ಓದಲು ಹೊರಟು ಗೊಂದಲವಾಗುತ್ತದೆ. ಒಂದೇ ಪದ ತಿದ್ದಿದರೆ ಸರಿಹೋಗುವ ದೋಷ, ಆದ್ದರಿಂದ ನನ್ನ ವರದಿಯಲ್ಲಿ ಇದು ಯಾವಾಗಲೂ ಮೇಲೆಯೇ ಇರುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಓಟಿಪಿ ಪುಟ. ಆರು ಅಂಕಿಗೆ ಆರು ಪುಟ್ಟ ಚೌಕ, ಒಂದು ತುಂಬಿದ ಕೂಡಲೇ ಫೋಕಸ್ ತಾನಾಗಿ ಮುಂದಕ್ಕೆ. ನೋಡಬಲ್ಲವರಿಗೆ ಸಲೀಸು. ಸ್ಕ್ರೀನ್ ರೀಡರ್ ಮಾತ್ರ ಆರು ಸಲವೂ ‘ಎಡಿಟ್, ಖಾಲಿ’ ಎನ್ನುತ್ತದೆ. ಎಷ್ಟನೆಯ ಚೌಕ ಎಂದು ಹೇಳದು. ಒತ್ತಿದ ಅಂಕಿಯನ್ನು ಉಲಿಯುವ ಮೊದಲೇ ಫೋಕಸ್ ಜಾರಿದರೆ ಆ ಅಂಕಿ ಕೇಳಿಸದೆ ಹೋಗಬಹುದು. ಪೇಸ್ಟ್ ಮಾಡಿದರೆ ಕೆಲವೆಡೆ ಮೊದಲ ಅಂಕಿ ಮಾತ್ರ ಉಳಿಯುತ್ತದೆ. ಇಷ್ಟರಲ್ಲಿ ಅವಧಿ ಮುಗಿದಿರುತ್ತದೆ, ‘ಓಟಿಪಿ ತಪ್ಪಾಗಿದೆ’ ಎಂಬುದು ಕೆಂಪಕ್ಷರದಲ್ಲಿ ಮೂಡುತ್ತದೆ, ಲೈವ್ ರೀಜನ್ (ಹೊಸದಾಗಿ ಮೂಡಿದ್ದನ್ನು ತಾನಾಗಿ ಓದಿಸುವ ಗುರುತು) ಇಲ್ಲದ್ದರಿಂದ ಅದೂ ಕಿವಿಗೆ ಬೀಳದು. ನಾನು ಬರೆದುಕೊಡುವ ಪರಿಹಾರ: ಆರು ಅಂಕಿ ಹಿಡಿಯುವ ಒಂದೇ ಫೀಲ್ಡ್, ಅದಕ್ಕೆ ಕಾಣುವ ಲೇಬಲ್, ಓಟಿಪಿ ತಾನಾಗಿ ತುಂಬಲು ಆಟೊಕಂಪ್ಲೀಟ್‌ನಲ್ಲಿ ‘ಒನ್-ಟೈಮ್-ಕೋಡ್’, ದೋಷದ ಸಾಲಿಗೆ ಕೂಡಲೇ ಓದಿಸುವ ‘ಅಲರ್ಟ್’ ರೋಲ್. ಚೌಕಗಳೇ ಬೇಕೆಂದು ಡಿಸೈನರ್ ಹಟ ಹಿಡಿದರೆ ಅದೇ ಒಂದು ಫೀಲ್ಡಿನ ಹಿನ್ನೆಲೆಯಲ್ಲಿ ಗೆರೆ ಎಳೆದು ತೋರಿಸಬಹುದು.

ಆ್ಯಪ್‌ಗೆ ಬಂದರೆ ಸ್ಕ್ರೀನ್ ರೀಡರ್ ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಎರಡರಲ್ಲೂ ನೋಡಲೇಬೇಕು, ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಬಲಕ್ಕೆ ಸವರಿದರೆ ಮುಂದಿನದು, ಎರಡು ಸಲ ತಟ್ಟಿದರೆ ತೆರೆಯುವುದು. ವಾಯ್ಸ್‌ಓವರ್‌ನಲ್ಲಿ ಮೂರು ಬೆರಳಿನಿಂದ ಮೂರು ಸಲ ತಟ್ಟಿ ಪರದೆ ಕಪ್ಪು ಮಾಡಿಕೊಳ್ಳಿ (ಜೂಮ್ ಕೂಡ ಆನ್ ಇದ್ದರೆ ನಾಲ್ಕು ಸಲ), ಇಲ್ಲವಾದರೆ ಕಣ್ಣು ಮೋಸಮಾಡುತ್ತದೆ. ಹೆಸರಿಲ್ಲದ ಐಕಾನ್‌ಗೆ ಬರಿ ‘ಬಟನ್’ ಎಂದು ಕೇಳಿಬರುತ್ತದೆ. ತಟ್ಟುವ ಜಾಗಕ್ಕೆ ಡಬಲ್ ಎ ಮಟ್ಟ ಕೇಳುವುದು 24×24 ಪಿಕ್ಸೆಲ್ ಅಥವಾ ಸುತ್ತ ಅಷ್ಟು ಅಂತರ. ಆಂಡ್ರಾಯ್ಡ್‌ನ ಸ್ವಂತ ಸಲಹೆ 48 ಡಿಪಿ, ಆ್ಯಪಲ್‌ನದು 44 ಪಾಯಿಂಟ್. ಕೈ ನಡುಗುವವರನ್ನು ನೆನೆದರೆ ದೊಡ್ಡದನ್ನೇ ಹಿಡಿಯುವುದು ಮೇಲು. ಎಳೆದು ಬಿಡುವ ಸ್ಲೈಡರ್ ಇದ್ದರೆ ಬರಿ ತಟ್ಟಿ ಮಾಡುವ ದಾರಿಯೂ ಇರಬೇಕು.

ವರದಿಯಲ್ಲಿ ಪ್ರತಿ ದೋಷಕ್ಕೂ ಪುಟ, ಮಾಡಿದ ಹೆಜ್ಜೆ, ಆಗಬೇಕಿದ್ದದ್ದು, ಆದದ್ದು, ಬ್ರೌಸರ್ ಮತ್ತು ಸ್ಕ್ರೀನ್ ರೀಡರ್ ಆವೃತ್ತಿ, ಮಾನದಂಡದ ಸಂಖ್ಯೆ ಬರೆಯುತ್ತೇನೆ. ಕ್ರಮ ಮಾತ್ರ ಕೆಲಸದ ಲೆಕ್ಕದಲ್ಲಿ: ಕೆಲಸವೇ ನಿಂತುಹೋಗುವವು ಮೊದಲು, ಸುತ್ತುಬಳಸಿ ಮುಗಿಸಬಹುದಾದವು ಆಮೇಲೆ. ಮಾನದಂಡದ ಎ, ಡಬಲ್ ಎ ಮಟ್ಟ ನೋಡಿ ಕ್ರಮ ಹಾಕಿದರೆ ತಿದ್ದುವವರು ಅಲಂಕಾರದ ಚಿತ್ರಗಳ ಆಲ್ಟ್ ಸರಿಪಡಿಸುತ್ತಾ ಕೂರುತ್ತಾರೆ, ಹಣ ಕಟ್ಟುವ ಪುಟ ಹಾಗೆಯೇ ಉಳಿಯುತ್ತದೆ. ತಿದ್ದಿದ್ದು ಬಂದ ಮೇಲೆ ಇಡೀ ಕೆಲಸವನ್ನು ಮೊದಲಿಂದ ಮಾಡಿ ನೋಡುತ್ತೇನೆ, ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದಲೂ ಮಾಡಿಸುತ್ತೇನೆ. ಪಾಪ್‌ಅಪ್‌ನ ಫೋಕಸ್ ಸರಿಮಾಡುವಾಗ ಹಿಂದಿನ ಪುಟದ ಫೋಕಸ್ ಕೆಡುವುದು ಅಪರೂಪವಲ್ಲ.