ದಪ್ಪ ಕಾದಂಬರಿಗೆ ಒಂದು ಚೀಟಿ

ಈಗ ಓದುತ್ತಿರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ, ಒಳ್ಳೇ ದಪ್ಪ. ಹಿಂದೆ ಎರಡು ಸಲ ಶುರು ಮಾಡಿ ನೂರನೇ ಪುಟದ ಹತ್ತಿರ ಕೈಬಿಟ್ಟಿದ್ದೆ. ಕಥೆ ಕಷ್ಟ ಅಂತಲ್ಲ, ಯಾರು ಯಾವ ಮನೆಯವರು ಅನ್ನೋದೇ ಮರೆತುಹೋಗುತ್ತಿತ್ತು.

ಈ ಸಲ ಹಳೇ ಮದುವೆ ಕಾಗದವೊಂದನ್ನು ಗುರುತಿಗೆ ಇಟ್ಟುಕೊಂಡೆ. ಅದರ ಹಿಂದೆ ಮೊದಲು ಊರುಗಳನ್ನು ಬರೆದೆ: ಸಿಂಬಾವಿ, ಬೆಟ್ಟಳ್ಳಿ, ಕೋಣೂರು. ಆಯಾ ಊರಿನ ಕೆಳಗೆ ಜನ. ಗುತ್ತಿ ಸಿಂಬಾವಿಗೆ, ತಿಮ್ಮಿ ಬೆಟ್ಟಳ್ಳಿಗೆ, ಮುಕುಂದಯ್ಯ ಕೋಣೂರಿಗೆ. ಗುತ್ತಿಯ ನಾಯಿ ಹುಲಿಯನಿಗೂ ಒಂದು ಸಾಲು ಕೊಟ್ಟಿದ್ದೇನೆ, ಅದನ್ನು ಬಿಡೋಕಾಗುತ್ತಾ!

ಸುಮ್ನೆ ಹೆಸರಿನ ಪಟ್ಟಿ ಮಾಡಿದರೆ ಉಪಯೋಗವಿಲ್ಲ, ಊರಿನ ಪ್ರಕಾರವೇ ಬರೆಯಿರಿ. ಪೆನ್ಸಿಲ್ ಇರಲಿ, ತಿದ್ದೋದು ಜಾಸ್ತಿ ಇರುತ್ತದೆ. ನಿಮ್ಮ ಕೈಯಲ್ಲಿ ಈಗ ಯಾವ ಪುಸ್ತಕ ಇದೆ?